ಹೌವೆವರ್, ಮೋರ್‌ಓವರ್ ಹಾಕಿದರೂ ಇಂಗ್ಲಿಷ್ ಬರಹ ಕೃತಕವಾಗಿ ಕಾಣುವುದೇಕೆ?

ಪ್ರಶ್ನೆ: ಇಂಗ್ಲಿಷ್ ಪ್ರಬಂಧ ಬರೆಯುವಾಗ ಹೌವೆವರ್, ಮೋರ್‌ಓವರ್, ದೇರ್‌ಫೋರ್ ಮುಂತಾದ ಪದಗಳನ್ನು ತಪ್ಪದೆ ಬಳಸುತ್ತೇನೆ. ವ್ಯಾಕರಣದ ತಪ್ಪುಗಳೂ ಹೆಚ್ಚಿರುವುದಿಲ್ಲ. ಆದರೂ ಓದಿದವರು ‘ಮೆಕ್ಯಾನಿಕಲ್ ಆಗಿದೆ’ ಎನ್ನುತ್ತಾರೆ. ಈ ಪದಗಳನ್ನು ಸರಿಯಾಗಿ ಬಳಸುವುದು ಹೇಗೆ?

ಉತ್ತರ: ‘ತಪ್ಪದೆ ಬಳಸುತ್ತೇನೆ’ ಎಂದಿದ್ದೀರಲ್ಲ, ತೊಡಕು ಇರುವುದು ಅಲ್ಲೇ. ಎರಡು ವಾಕ್ಯಗಳ ನಡುವೆ ಈಗಾಗಲೇ ಒಂದು ಸಂಬಂಧವಿದ್ದರೆ ಈ ಪದಗಳು ಅದಕ್ಕೆ ಹೆಸರು ಕೊಡುತ್ತವೆ. ಸಂಬಂಧವೇ ಇಲ್ಲದ ಕಡೆ ಅವನ್ನು ತಂದು ಅಂಟಿಸಿದರೆ ಓದುವವರಿಗೆ ಅಂಟು ಮಾತ್ರ ಕಾಣುತ್ತದೆ.

ಹಾಗಾಗಿ ಪದಗಳ ಪಟ್ಟಿಯನ್ನು ಬದಿಗಿಟ್ಟು ಬರೆಯಲು ಕೂರಿ. ಎರಡೂ ವಾಕ್ಯ ಬರೆದ ಮೇಲೆ, ಇದೇ ಮಾತನ್ನು ಗೆಳೆಯರಿಗೆ ಕನ್ನಡದಲ್ಲಿ ಹೇಳುತ್ತಿದ್ದರೆ ನಡುವೆ ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳಿ. ನಿಘಂಟು ಕೊಡುವ ಅರ್ಥಕ್ಕಿಂತ ಆಡುಮಾತಿನಲ್ಲಿ ಬಾಯಿಗೆ ಬರುವ ಪದವೇ ಇಲ್ಲಿ ಒಳ್ಳೆಯ ಮಾರ್ಗದರ್ಶಿ.

ಮೋರ್‌ಓವರ್ ಅನ್ನೇ ನೋಡಿ. ‘ಇದಲ್ಲದೆ’ ಎಂಬ ಅರ್ಥ ಕಲಿತವರು ಹೊಸ ವಿಷಯ ಬಂದಲ್ಲೆಲ್ಲ ಅದನ್ನು ಹಾಕುತ್ತಾರೆ. ನನ್ನ ಕಿವಿಗೆ ಅದಕ್ಕೆ ಹೊಂದುವ ಕನ್ನಡ ಪದ ‘ಸಾಲದ್ದಕ್ಕೆ’. ‘ದಿ ರೂಮ್ ಈಸ್ ಸ್ಮಾಲ್. ಮೋರ್‌ಓವರ್, ಇಟ್ ಹ್ಯಾಸ್ ನೋ ವಿಂಡೋ’ ಎಂದಾಗ ಎರಡು ವಾಕ್ಯಗಳೂ ಒಂದೇ ತೀರ್ಮಾನದ ಕಡೆ ತಳ್ಳುತ್ತಿವೆ: ಆ ಕೋಣೆ ಬೇಡ. ಎರಡನೆಯದು ಮೊದಲಿನದಕ್ಕಿಂತ ತುಸು ಗಟ್ಟಿಯಾಗಿಯೇ ತಳ್ಳುತ್ತಿದೆ. ಕಿಟಕಿಯ ಬದಲು ಗೋಡೆಯ ಬಣ್ಣ ನೀಲಿ ಎಂದಿದ್ದರೆ? ‘ಕೋಣೆ ಚಿಕ್ಕದು, ಸಾಲದ್ದಕ್ಕೆ ನೀಲಿ’ ಎಂದರೆ ಕೇಳಿದವರು ನೀಲಿಯಲ್ಲಿ ಏನು ತಪ್ಪು ಎಂದು ಕೇಳುತ್ತಾರೆ. ಇಂಗ್ಲಿಷ್ ಓದುಗರಿಗೂ ಅದೇ ಗೊಂದಲ. ಬರೀ ಇನ್ನೊಂದು ಸಂಗತಿ ಸೇರಿಸುವುದಿದ್ದರೆ ‘ಆಲ್ಸೋ’ ಅಥವಾ ‘ಆಂಡ್’ ಸಾಕು.

ಅತಿ ಹೆಚ್ಚು ದಾರಿ ತಪ್ಪಿಸುವುದು ‘ಆನ್ ದಿ ಕಾಂಟ್ರರಿ’. ಇದನ್ನೂ ‘ಆನ್ ದಿ ಅದರ್ ಹ್ಯಾಂಡ್’ ಅನ್ನೂ ಒಂದೇ ಎಂದುಕೊಂಡು ಬಳಸುವವರು ಬಹಳ. ಮೊದಲನೆಯದು ಒಂದು ಅಭಿಪ್ರಾಯವನ್ನು ತಳ್ಳಿಹಾಕುತ್ತದೆ: ‘ಹಿ ಈಸ್ ನಾಟ್ ಲೇಜಿ. ಆನ್ ದಿ ಕಾಂಟ್ರರಿ, ಹಿ ವರ್ಕ್ಸ್ ಆಲ್ ನೈಟ್.’ ಅವನು ಸೋಮಾರಿ ಎಂಬ ಮಾತು ಸುಳ್ಳು, ನಿಜ ಅದರ ತದ್ವಿರುದ್ಧ. ಎರಡನೆಯದು ಏನನ್ನೂ ತಳ್ಳಿಹಾಕುವುದಿಲ್ಲ, ‘ಅದೂ ನಿಜ, ಇದೂ ನಿಜ’ ಎಂದು ತಕ್ಕಡಿಯ ಎರಡು ತಟ್ಟೆಗಳನ್ನೂ ತೋರಿಸುತ್ತದೆ. ನಗರದಲ್ಲಿ ಕೆಲಸ ಸಿಗುತ್ತದೆ, ಹಳ್ಳಿಯಲ್ಲಿ ನೆಮ್ಮದಿಯಿದೆ ಎಂದು ಹೋಲಿಸುವಾಗ ಬೇಕಾದದ್ದು ‘ಆನ್ ದಿ ಅದರ್ ಹ್ಯಾಂಡ್’.

ಇನ್ನು ಹೌವೆವರ್. ಅರ್ಥದಲ್ಲಿ ‘ಬಟ್’ಗೆ ಹತ್ತಿರ, ವ್ಯಾಕರಣದಲ್ಲಿ ಬೇರೆ ಜಾತಿ. ‘ಬಟ್’ ಎರಡು ವಾಕ್ಯಗಳನ್ನು ಹೆಣೆದು ಒಂದು ಮಾಡಬಲ್ಲದು, ಕ್ರಿಯಾವಿಶೇಷಣವಾದ ಹೌವೆವರ್‌ಗೆ ಆ ಶಕ್ತಿಯಿಲ್ಲ. ಅದಕ್ಕೇ ‘ಐ ಕಾಲ್ಡ್ ಹರ್’ ಆದಮೇಲೆ ಬರೀ ಅಲ್ಪವಿರಾಮ ಹಾಕಿ ‘ಹೌವೆವರ್ ಶಿ ಡಿಡ್ ನಾಟ್ ಆನ್ಸರ್’ ಎಂದು ಮುಂದುವರಿದರೆ ತಪ್ಪು. ಅದರ ಹಿಂದೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು, ಮುಂದೆ ಅಲ್ಪವಿರಾಮ. ದೇರ್‌ಫೋರ್, ಮೋರ್‌ಓವರ್, ನೆವರ್‌ದಿಲೆಸ್‌ಗಳ ಹಿಂದೆಯೂ ಹೀಗೇ. ಆದರೆ ‘ಹೌವೆವರ್ ಹಾರ್ಡ್ ಹಿ ಟ್ರೈಡ್’ ಎಂಬಲ್ಲಿ ಅದೇ ಪದಕ್ಕೆ ‘ಎಷ್ಟೇ’ ಎಂಬ ಅರ್ಥ. ಅಲ್ಲಿ ಪದದ ಬೆನ್ನಿಗೇ ಅಲ್ಪವಿರಾಮ ಬರಕೂಡದು.

‘ಆಲ್ದೋ’ ಹಾಕಿ ಮತ್ತೆ ‘ಬಟ್’ ಹಾಕುವ ಅಭ್ಯಾಸ ಬಿಡಿಸಲು ಕನ್ನಡವೇ ಸಾಕು. ‘ಮಳೆ ಬಂದರೂ ಆದರೆ ಅವನು ಹೋದ’ ಎಂದು ನಾವು ಯಾರೂ ಹೇಳುವುದಿಲ್ಲ. ‘ಬಂದರೂ’ ಎಂಬುದರ ಬಾಲದಲ್ಲೇ ವಿರೋಧ ಅಡಗಿದೆ. ‘ಆಲ್ದೋ’ ಮಾಡುವುದೂ ಅದೇ ಕೆಲಸ.

ಈಗ ಮೆಕ್ಯಾನಿಕಲ್ ಎಂಬ ಟೀಕೆಗೆ ಬರೋಣ. ಭಾಷಾವಿಜ್ಞಾನಿಗಳಾದ ಹ್ಯಾಲಿಡೇ ಮತ್ತು ರುಕೈಯಾ ಹಸನ್ 1976ರಲ್ಲಿ ಇಂಗ್ಲಿಷ್ ಬರಹವನ್ನು ಹಿಡಿದಿಡುವ ಬಂಧಗಳನ್ನು 5 ಬಗೆಯಾಗಿ ವಿಂಗಡಿಸಿದರು. ಹಿಂದಿನದನ್ನು ಬೊಟ್ಟು ಮಾಡುವ ಸರ್ವನಾಮಗಳು, ಒಂದರ ಬದಲು ಇನ್ನೊಂದು ಪದ, ಬಿಟ್ಟುಹೋದರೂ ಅರ್ಥವಾಗುವ ಪದ, ಕೊನೆಗೆ ಪದಗಳ ಪುನರಾವರ್ತನೆ ಮತ್ತು ನಂಟು ಸೇರಿ ಒಂದು ಬಗೆ, ಇವು 4. ನಾವು ಮಾತಾಡುತ್ತಿರುವ ಜೋಡಣೆ ಪದಗಳು ಉಳಿದ 1 ಮಾತ್ರ. ಆ ಒಂದರ ಮೇಲೇ ಎಲ್ಲ ಭಾರ ಹೊರಿಸಿದಾಗ ಬರಹ ಕೀಲುಗೊಂಬೆಯಂತಾಗುತ್ತದೆ. ‘ದಿ ಟ್ರೈನ್ ವಾಸ್ ತ್ರೀ ಅವರ್ಸ್ ಲೇಟ್. ದಿಸ್ ಡಿಲೇ ಕಾಸ್ಟ್ ಹರ್ ದಿ ಜಾಬ್.’ ಇಲ್ಲಿ ಕಾನ್ಸಿಕ್ವೆಂಟ್ಲಿ ಬೇಕೇ? ‘ದಿಸ್ ಡಿಲೇ’ ಎಂಬ ಎರಡೇ ಪದ ಹಿಂದಿನ ವಾಕ್ಯದ ಕೈ ಹಿಡಿದಿವೆ. ಈ ಉಪಾಯ ನನಗೆ ಬಹಳ ಇಷ್ಟ, ನೀವೂ ಧಾರಾಳವಾಗಿ ಬಳಸಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಅಂಕದ ಕಾಲುಭಾಗ ವಿಚಾರಗಳ ಸುಸಂಬದ್ಧತೆಗೆ ಮತ್ತು ಜೋಡಣೆಗೆ ಮೀಸಲು. ಅಲ್ಲಿಯೂ ಜೋಡಣೆ ಪದಗಳ ಅತಿಬಳಕೆಯನ್ನು ಕೊರತೆ ಎಂದೇ ಎಣಿಸುತ್ತಾರೆ.

ಕೊನೆಗೆ ಸ್ಥಾನದ ಮಾತು. ಪ್ರತಿ ವಾಕ್ಯವೂ ಇಂಥ ಪದದಿಂದಲೇ ಶುರುವಾಗಬೇಕಿಲ್ಲ. ‘ಮೈ ಬ್ರದರ್ ಲೆಫ್ಟ್. ಐ, ಹೌವೆವರ್, ಸ್ಟೇಡ್’ ಎಂದು ನಡುವೆ ಇಟ್ಟು, ಎರಡೂ ಕಡೆ ಅಲ್ಪವಿರಾಮ ಹಾಕಿ, ಗಟ್ಟಿಯಾಗಿ ಓದಿ ನೋಡಿ. ಒತ್ತು ‘ಐ’ ಮೇಲೆ ಬೀಳುತ್ತದೆ: ಅಣ್ಣ ಹೋದ, ನಾನು ಮಾತ್ರ ಉಳಿದೆ.