10 ಪೌಂಡಿಗೆ ಕೊಂಡ ಟ್ರಾಮು, ಕ್ವಾರಿಯಲ್ಲಿ ಹಾಕಿದ ಹಳಿ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಕ್ರಿಚ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಟ್ರಾಮ್ ಮ್ಯೂಸಿಯಂಗೆ ಹೋದರೆ ಟಿಕೆಟ್ ಜೊತೆ ಒಂದು ಹಳೇ ಪೆನ್ನಿ ನಾಣ್ಯ ಕೊಡುತ್ತಾರೆ. ಟ್ರಾಮ್ ಹತ್ತಿ ಅದನ್ನು ಕಂಡಕ್ಟರ್ ಕೈಗಿಟ್ಟರೆ ಆಯಿತು, ಆ ದಿನ ಎಷ್ಟು ಸಲ ಬೇಕಾದರೂ ಓಡಾಡಬಹುದು. ನೂರು ವರ್ಷ ದಾಟಿದ ಟ್ರಾಮುಗಳು ಇಲ್ಲಿ ಜನರನ್ನು ಹತ್ತಿಸಿಕೊಂಡು ಹೆಚ್ಚುಕಡಿಮೆ ಒಂದು ಮೈಲಿ ಓಡುತ್ತವೆ. ಟ್ರಾಮನ್ನು ಉಳಿಸೋದು ಅಂದರೆ ಓಡಿಸುತ್ತಾ ಉಳಿಸೋದು ಅಂತ ನಾನು ನಂಬಿರುವುದರಿಂದ ಈ ಜಾಗದ ಕಥೆ ನನಗೆ ತುಂಬಾ ಇಷ್ಟ.

ಟ್ರಾಮುಗಳು ಬ್ರಿಟನ್ನಿನ ಬೀದಿಗಳಿಂದ ಮಾಯವಾಗಿದ್ದು ಯಾಕೆ? ಬಸ್ಸು ಬಂತು, ಕಾರು ಜಾಸ್ತಿಯಾಯಿತು, ಅಷ್ಟೇ ಅಲ್ಲ. 1870ರ ಟ್ರಾಮ್‌ವೇ ಕಾಯ್ದೆಯ ಪ್ರಕಾರ ಹಳಿಗಳ ನಡುವಿನ ರಸ್ತೆಯನ್ನೂ, ಆಚೀಚೆ 18 ಅಂಗುಲ ಜಾಗವನ್ನೂ ಟ್ರಾಮ್ ನಡೆಸುವವರೇ ರಿಪೇರಿ ಮಾಡಬೇಕಿತ್ತು. ಕುದುರೆಗಳ ಗೊರಸಿನಿಂದ ರಸ್ತೆ ಹಾಳಾಗುತ್ತಿದ್ದ ಕಾಲಕ್ಕೆ ಇದು ಸರಿ. ಕುದುರೆ ಹೋಗಿ ಕರೆಂಟು ಬಂದ ಮೇಲೂ ಖರ್ಚು ಮಾತ್ರ ಅವರ ತಲೆ ಮೇಲೇ ಉಳಿಯಿತು. ಅದೇ ರಸ್ತೆಯಲ್ಲಿ ಓಡುವ ಬಸ್ಸಿಗೆ ಈ ಹೊರೆ ಇರಲಿಲ್ಲ. ಹಳಿ ಸವೆದಾಗ ಹೊಸದು ಹಾಕಿಸುವ ಬದಲು ಊರೂರೇ ಟ್ರಾಮ್ ನಿಲ್ಲಿಸಿಬಿಟ್ಟವು. ಲಂಡನ್ನಿನಲ್ಲಿ 1952ಕ್ಕೆ, ಶೆಫೀಲ್ಡ್‌ನಲ್ಲಿ 1960ಕ್ಕೆ, ಗ್ಲಾಸ್ಗೋದಲ್ಲಿ 1962ಕ್ಕೆ ಮುಗಿಯಿತು.

ಉಳಿಸುವ ಕೆಲಸ ಶುರುವಾಗಿದ್ದು ಸೌತಾಂಪ್ಟನ್‌ನಲ್ಲಿ. 1948ರಲ್ಲಿ ಕೆಲವು ಟ್ರಾಮ್ ಪ್ರಿಯರು ಅಲ್ಲಿಗೆ ವಿದಾಯದ ಸವಾರಿಗೆ ಹೋಗಿದ್ದರು. ತಾವು ಕೂತ 45ನೇ ನಂಬರಿನ ಟ್ರಾಮು ಗುಜರಿಗೆ ಹೋಗುತ್ತೆ ಅಂತ ಗೊತ್ತಾದಾಗ 10 ಪೌಂಡ್ ಕೊಟ್ಟು ಕೊಂಡೇಬಿಟ್ಟರು. 1903ರ ಬಂಡಿ, ಮೇಲಂತಸ್ತಿಗೆ ಛಾವಣಿ ಇಲ್ಲ. ಊರಿನ ಬಾರ್‌ಗೇಟ್ ಅನ್ನುವ ಹಳೇ ಕೋಟೆಬಾಗಿಲ ಕಮಾನಿನಡಿ ತೂರಬೇಕಲ್ಲ, ಅದಕ್ಕೇ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ತಗ್ಗು ಬೆಂಚು. ಕೊಂಡಿದ್ದೇನೋ ಸರಿ, ಇಡೋದು ಎಲ್ಲಿ? ಆ ಟ್ರಾಮು ವರ್ಷಗಟ್ಟಲೆ ಊರೂರು ಅಲೆಯಿತು.

1955ರಲ್ಲಿ ಟ್ರಾಮ್‌ವೇ ಮ್ಯೂಸಿಯಂ ಸೊಸೈಟಿ ಹುಟ್ಟಿತು. ಜಾಗ ಸಿಕ್ಕಿದ್ದು 1959ರಲ್ಲಿ, ಅದೂ ಕ್ರಿಚ್‌ನ ಒಂದು ಸುಣ್ಣದಕಲ್ಲಿನ ಕ್ವಾರಿಯಲ್ಲಿ. ಅಲ್ಲಿಂದ ಕಲ್ಲು ಸಾಗಿಸಲು ಹಿಂದೆ ರೈಲು ಪಿತಾಮಹ ಜಾರ್ಜ್ ಸ್ಟೀಫನ್‌ಸನ್ ಹಳಿ ಹಾಕಿಸಿದ್ದ. ಅದನ್ನು ಕಿತ್ತು ತಮ್ಮ ಪುಟ್ಟ ರೈಲಿಗೆ ಒಯ್ಯಲು ವೇಲ್ಸಿನ ಟ್ಯಾಲಿಲಿನ್ ರೈಲಿನ ಸ್ವಯಂಸೇವಕರು ಬಂದಿದ್ದರು. ಅವರು ಹಳಿ ಕಿತ್ತ ಜಾಗದಲ್ಲಿ ಇವರು ಹಳಿ ಹಾಕಿದರು! 1963ರಲ್ಲಿ ಕುದುರೆ ಟ್ರಾಮು, 1964ರಲ್ಲಿ ಕರೆಂಟಿನ ಟ್ರಾಮು ಓಡಿತು. ನಮ್ಮ ಮುಂಬೈ ತನ್ನ ಕೊನೇ ಟ್ರಾಮನ್ನು ಕಳಿಸಿಕೊಟ್ಟಿದ್ದೂ ಅದೇ 1964ರ ಮಾರ್ಚ್ 31ಕ್ಕೆ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಓಡಿಸುತ್ತಾ ಉಳಿಸೋದು ಸುಲಭ ಅಲ್ಲ. ಗ್ಲಾಸ್ಗೋ ಟ್ರಾಮುಗಳನ್ನೇ ನೋಡಿ. ಹಡಗುಕಟ್ಟೆಗೆ ಹೋಗುವ ರೈಲು ವ್ಯಾಗನ್ನುಗಳೂ ಟ್ರಾಮ್ ಹಳಿಯ ಮೇಲೆ ಉರುಳಲಿ ಅಂತ ಆ ಊರಿನಲ್ಲಿ ಹಳಿಗಳ ಅಂತರವನ್ನು ಮಾಮೂಲಿಗಿಂತ ಮುಕ್ಕಾಲು ಅಂಗುಲ ಕಡಿಮೆ ಇಟ್ಟಿದ್ದರು. ಹಾಗಾಗಿ ಕ್ರಿಚ್‌ನಲ್ಲಿ ಓಡಬೇಕಾದರೆ ಅವುಗಳ ಚಕ್ರಗಳ ಅಂತರವನ್ನು ಬದಲಿಸಲೇಬೇಕು. ಜೊತೆಗೆ, ಓಡಿಸಿದಷ್ಟೂ ಹಳೇ ಭಾಗಗಳು ಸವೆಯುತ್ತವೆ, ಸವೆದದ್ದನ್ನು ಹೊಸದಾಗಿ ಮಾಡಿಸಿದಷ್ಟೂ ಬಂಡಿಯಲ್ಲಿ ಹಳೆಯದು ಕಡಿಮೆಯಾಗುತ್ತಾ ಹೋಗುತ್ತದೆ. ಈ ಮಾತು ನಿಜ, ತಳ್ಳಿಹಾಕೋಕೆ ಆಗಲ್ಲ. ಆದರೆ ನಿಂತ ಟ್ರಾಮು ನೋಡಿ ಬ್ರೇಕ್ ಹಾಕೋದನ್ನು ಯಾರೂ ಕಲಿಯಲಾರರು ಅಲ್ವಾ? ಇಲ್ಲಿ ಬಡಗಿ ಕೆಲಸ, ಮೋಟಾರು ಸುತ್ತುವುದು, ಓಡಿಸುವುದು ಎಲ್ಲವೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತಿದೆ. ಗಾಲಿಕುರ್ಚಿಯಲ್ಲಿ ಬರುವವರನ್ನೂ ಮರೆತಿಲ್ಲ, ಅವರಿಗಾಗಿ ಬರ್ಲಿನ್ನಿನ ಒಂದು ಟ್ರಾಮಿಗೆ ಲಿಫ್ಟ್ ಜೋಡಿಸಿದ್ದಾರೆ.

ಹಳಿ ಮುಗಿಯುವ ಜಾಗಕ್ಕೆ ಗ್ಲೋರಿ ಮೈನ್ ಅಂತ ಹೆಸರು. ಅಲ್ಲಿ ಟ್ರಾಮು ತಿರುಗುವುದಿಲ್ಲ. ತಂತಿ ಮುಟ್ಟುವ ಉದ್ದನೆಯ ಕೋಲನ್ನು ಸಿಬ್ಬಂದಿ ಆ ಕಡೆಗೆ ತಿರುಗಿಸುತ್ತಾರೆ, ಡ್ರೈವರ್ ಇನ್ನೊಂದು ತುದಿಗೆ ನಡೆದು ಹೋಗುತ್ತಾರೆ, ಸೀಟಿನ ಬೆನ್ನುಗಳನ್ನು ಟಕ್ ಟಕ್ ಅಂತ ಮಗುಚಿದ ಮೇಲೆ ಹಿಂದಿದ್ದ ತುದಿಯೇ ಮುಂದಾಗುತ್ತದೆ. ಗಂಟೆ ಹೊಡೆದು ವಾಪಸ್ ಹೊರಡುತ್ತಾರೆ.