ಸ್ಪೀಕರ್ ಗುಂಯ್ ಅಂದರೆ ಅರ್ಥಿಂಗ್ ಕೀಳಬೇಡಿ

ಗಣೇಶನ ಪೆಂಡಾಲ್, ಆರ್ಕೆಸ್ಟ್ರಾ ಶುರುವಾಗಬೇಕು. ಸ್ಪೀಕರ್ ಗುಂಯ್ ಅನ್ನುತ್ತದೆ. ಯಾರೋ ಒಬ್ಬರು ಮೈಕುಗಳ ಸದ್ದು ಕೂಡಿಸುವ ಮಿಕ್ಸರಿನ ಪ್ಲಗ್ ಬಿಚ್ಚಿ ಅರ್ಥಿಂಗ್ ತಂತಿ ಕಿತ್ತುಬಿಡುತ್ತಾರೆ. ಸದ್ದು ನಿಲ್ಲುತ್ತದೆ. "ಮಿಕ್ಸರ್ ಒಂದು ಫೇಸು, ಆಂಪ್ಲಿಫೈಯರ್ ಇನ್ನೊಂದು ಫೇಸು, ಅದಕ್ಕೇ ಹೀಗಾಯ್ತು" ಅಂತ ವಿವರಣೆಯೂ ಸಿಗುತ್ತದೆ. ಇದನ್ನು ಕೇಳಿದಾಗೆಲ್ಲ ನನಗೆ ಭಯವಾಗುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು.

ಫೇಸಿನ ಮೇಲೆ ಯಾಕೆ ತಪ್ಪು ಹೊರಿಸಬೇಕು? ಫೇಸ್ ಅಂದರೆ ಕರೆಂಟು ತರುವ ತಂತಿ, ಅಂಥವು ಮೂರು. ಒಂದೇ ಒರಳಲ್ಲಿ ಮೂವರು ಭತ್ತ ಕುಟ್ಟುವುದನ್ನು ನೆನೆಸಿಕೊಳ್ಳಿ. ಒನಕೆಗಳು ಒಂದರ ಹಿಂದೆ ಒಂದು ಬೀಳುತ್ತವೆ. ಮೂರು ಫೇಸೂ ಹಾಗೇ, ಸೆಕೆಂಡಿಗೆ 50 ಸಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಇದೇ ಮೂರು ಫೇಸಿನ ಕರೆಂಟು, ಆಗ 25 ಸಲ. ಕರೆಂಟು ಹಿಂದಿರುಗುವ ತಂತಿಯಾದ ನ್ಯೂಟ್ರಲ್‌ನಿಂದ ಅಳೆದರೆ ಪ್ರತಿ ಫೇಸೂ 230 ವೋಲ್ಟ್. ಆದರೆ ಒಂದು ಒನಕೆ ಮೇಲಿರುವಾಗ ಇನ್ನೊಂದು ಕೆಳಗಿರುತ್ತದಲ್ವಾ? ಹಾಗಾಗಿ ಎರಡು ಫೇಸಿನ ನಡುವೆ ಸುಮಾರು 400.

ಈಗಿನ ಬಹಳಷ್ಟು ಉಪಕರಣಗಳೊಳಗೆ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ (ತುಸುವೇ ಕರೆಂಟು ದಾಟಿಸುವ ಬಿಡಿಭಾಗ) ಲೋಹದ ಮೈಗೆ ಸೇರಿರುತ್ತವೆ. ಅರ್ಥಿಂಗ್ ಕಿತ್ತರೆ ಆ ಮೈ ನಡುವೆ ತೂಗಾಡುತ್ತಾ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮುಟ್ಟಿದರೆ ಜುಮ್ ಅನ್ನುವುದು ಇದೇ. ಒಂದೇ ಫೇಸಿನ ಎರಡು ಮೈಗಳು ಒಟ್ಟಿಗೆ ತೂಗುತ್ತವೆ. ಬೇರೆ ಫೇಸಾದರೆ ನಡುವೆ ಸುಮಾರು 200 ವೋಲ್ಟ್! ಕರೆಂಟು ಸಣ್ಣದೇ, ಆದರೂ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಒಳಗಿನ ಚಿಪ್ ಸುಡಲು ಸಾಕು.

ಎಲ್ಲ ಲೋಹದ ಮೈಗಳನ್ನೂ ದಪ್ಪ ತಂತಿಯಿಂದ ಒಂದೇ ಅರ್ಥಿಂಗ್‌ಗೆ ಸೇರಿಸಿ. ಇದೇ ಬಾಂಡಿಂಗ್. ಕೆರೆಯಲ್ಲಿ ತೆಪ್ಪಗಳನ್ನು ಒಂದಕ್ಕೊಂದು ಬಿಗಿದರೆ ಅಲೆ ಬಂದಾಗ ಜೊತೆಗೇ ಏಳುತ್ತವೆ, ಜೊತೆಗೇ ಇಳಿಯುತ್ತವೆ. ತಂತಿ ಮೇಲೆ ಕೂತ ಗುಬ್ಬಿಗೆ ಶಾಕ್ ಹೊಡೆಯದಿರುವುದೂ ಇದಕ್ಕೇ: ಎರಡೂ ಕಾಲು ಒಂದೇ ವೋಲ್ಟೇಜಿನಲ್ಲಿವೆ. ಆಮೇಲೆ ಫೇಸ್ ಯಾವುದಾದರೇನು?

ಗುಂಯ್ ಸದ್ದು ಬರುವುದು ಎರಡು ಅರ್ಥಿಂಗ್ ತುದಿಗಳ ನಡುವಿನ ಕೆಲವೇ ಮಿಲಿವೋಲ್ಟ್ ಆಡಿಯೋ ಕೇಬಲಿನ ಹೊರ ಜಾಲರಿಯಲ್ಲಿ ಹರಿಯುವುದರಿಂದ. ಜಾಲರಿಯೊಳಗೆ ಎರಡು ತಂತಿಯಲ್ಲಿ ಸದ್ದು ಒಯ್ಯುವ ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಇಲ್ಲವೇ ತಂತಿ ನೇರ ಸೇರದೆಯೇ ಸದ್ದು ದಾಟಿಸುವ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ನಡುವೆ ಇಡಿ.

ಸ್ಟೇಜಿನ ಹಿಂದೆ ಬೇರೆ ಸಲಾಕೆ ಹೊಡೆದು ಸೌಂಡಿಗೆ ಮಾತ್ರ ಪ್ರತ್ಯೇಕ ಅರ್ಥಿಂಗ್ ಮಾಡುವವರೂ ಇದ್ದಾರೆ. ಆ ಮಣ್ಣಿನ ತಡೆ 10 ಓಂ ಅಂದುಕೊಳ್ಳಿ. ಮಿಕ್ಸರಿನ ಮೈಗೆ ಫೇಸ್ ತಗುಲಿದರೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 32 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೇ ಇಲ್ಲ. ಅಷ್ಟು ಹೊತ್ತೂ ಕೇಬಲಿನ ಜಾಲರಿಯ ಮೂಲಕ ಹಾಡುವವರ ತುಟಿಯ ಹತ್ತಿರದ ಮೈಕಿನಲ್ಲಿ 230ಕ್ಕೆ ಹತ್ತಿರದ ವೋಲ್ಟೇಜ್ ಕೂತಿರುತ್ತದೆ.