ಬೆತ್ತ, ಬಹುಮಾನ ಮತ್ತು ನೋಡಿ ಕಲಿಯುವ ಮಕ್ಕಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಬಿ.ಇಡಿ. ವಿದ್ಯಾರ್ಥಿಗಳು ಪಾವ್ಲೋವ್, ಥಾರ್ನ್‌ಡೈಕ್, ಸ್ಕಿನ್ನರ್ ಎಂಬ ಹೆಸರುಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಇಂಥವರು ಕೊಟ್ಟ ಸಿದ್ಧಾಂತಗಳು ಒಂದರ ಬೆನ್ನಿಗೆ ಇನ್ನೊಂದು ಏಕೆ ಬಂದವು, ಹಿಂದಿನದು ಯಾವ ಪ್ರಶ್ನೆಯ ಮುಂದೆ ಸೋತಿತು ಎಂಬುದು ಮಾತ್ರ ಹೆಚ್ಚಾಗಿ ಮರೆಯಾಗುತ್ತದೆ. ಬೆತ್ತವಿಲ್ಲದೆ ಪಾಠ ಸಾಗದು ಎನ್ನುವವರೂ ಬೇಡ ಎನ್ನುವವರೂ ಮೊದಲು ತಿಳಿಯಬೇಕಾದದ್ದು ಈ ಹಿನ್ನೆಲೆಯನ್ನು.

ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್, ಆಹಾರ ಬಾಯಿಗೆ ಬೀಳುವ ಮೊದಲೇ, ಅದರ ಸುಳಿವು ಸಿಕ್ಕಷ್ಟಕ್ಕೇ ನಾಯಿ ಜೊಲ್ಲು ಸುರಿಸುವುದನ್ನು ಗಮನಿಸಿದರು. ಸಂಬಂಧವೇ ಇಲ್ಲದ ಎರಡು ಸಂಗತಿಗಳು ಪದೇಪದೇ ಜೊತೆಯಾಗಿ ಬಂದರೆ ಒಂದು ಇನ್ನೊಂದರ ಮುನ್ಸೂಚನೆಯಾಗುತ್ತದೆ. ಇದೇ ಶಾಸ್ತ್ರೀಯ ಅನುಬಂಧನ. ಮನಸ್ಸಿನ ಮಾತು ಬಿಟ್ಟು ವರ್ತನೆಯನ್ನಷ್ಟೇ ಅಳೆಯೋಣ ಎಂದು 1913ರಲ್ಲಿ ವಾದಿಸಿದ ಅಮೆರಿಕದ ಮನೋವಿಜ್ಞಾನಿ ವಾಟ್ಸನ್, 1920ರಲ್ಲಿ ರೇನರ್ ಅವರೊಂದಿಗೆ ಸೇರಿ, ಒಂದು ಹಸುಗೂಸು ಬಿಳಿ ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಬಾರಿಸಿ ಹೆದರಿಸಿದರು. ಮಗು ಇಲಿಗಷ್ಟೇ ಅಲ್ಲ, ಮೊಲಕ್ಕೂ ಹೆದರತೊಡಗಿತು. ಇಂದು ಯಾರೂ ಒಪ್ಪಲಾಗದ ಕ್ರೂರ ಪ್ರಯೋಗವದು. ಆದರೂ, ಬೋರ್ಡಿನ ಮುಂದೆ ಏಟು ತಿಂದ ಹುಡುಗನಿಗೆ ಲೆಕ್ಕದ ಪುಸ್ತಕ ಕಂಡರೇ ಏಕೆ ಕೈ ನಡುಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ. ಅದಕ್ಕೆ ಪರಿಹಾರದ ದಾರಿಯನ್ನು 1924ರಲ್ಲಿ ಮೇರಿ ಕವರ್ ಜೋನ್ಸ್ ತೋರಿಸಿದರು: ಮೊಲಕ್ಕೆ ಹೆದರುವ ಬಾಲಕನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು.

ಆದರೆ ಹೊಸ ಕೆಲಸವನ್ನು ಪ್ರಾಣಿ ಕಲಿಯುವುದು ಹೇಗೆ? 1898ರಲ್ಲೇ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಫಲ ಕೊಟ್ಟ ಕ್ರಿಯೆ ಉಳಿಯುತ್ತದೆ, ಕೊಡದ್ದು ಅಳಿಯುತ್ತದೆ ಎಂದು ಕಂಡುಕೊಂಡಿದ್ದರು. ಸ್ಕಿನ್ನರ್ ಇದನ್ನು ಕ್ರಿಯಾಜನ್ಯ ಅನುಬಂಧನವಾಗಿ, ಅಂದರೆ ಕೆಲಸದ ಫಲವೇ ಮುಂದಿನ ವರ್ತನೆಯನ್ನು ರೂಪಿಸುತ್ತದೆ ಎಂಬ ಸಿದ್ಧಾಂತವಾಗಿ ಬೆಳೆಸಿದರು. ಪ್ರತಿಸಲವೂ ಸಿಗುವ ಪ್ರತಿಫಲಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಪ್ರತಿಫಲವೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ ಎಂಬ ಅವರ ಶೋಧನೆಯನ್ನು ತಿಳಿದರೆ, ನಮ್ಮ ಊರುಗಳಲ್ಲಿ ಮಟ್ಕಾ ಚೀಟಿ ಬರೆಸುವವರು ಸೋತರೂ ಏಕೆ ಬಿಡುವುದಿಲ್ಲ ಎಂಬುದು ಅರ್ಥವಾಗುತ್ತದೆ. ಇನ್ನೊಂದು ಫಲಿತಾಂಶ ಶಾಲೆಗೆ ನೇರವಾಗಿ ಸಂಬಂಧಿಸಿದ್ದು. ಆಹಾರಕ್ಕಾಗಿ ಸನ್ನೆಕೋಲನ್ನು ಒತ್ತಲು ಕಲಿತಿದ್ದ ಇಲಿಯ ಪಾದಕ್ಕೆ, ಒತ್ತಿದಾಗ ಪೆಟ್ಟು ಬೀಳುವಂತೆ ಮಾಡಿದಾಗ ಅದು ಸ್ವಲ್ಪ ಹೊತ್ತು ಸುಮ್ಮನಾಯಿತು. ಪೆಟ್ಟು ನಿಂತ ಮೇಲೆ ಮತ್ತೆ ಒತ್ತಿ, ನಡುವೆ ಒತ್ತದೆ ಬಿಟ್ಟದ್ದನ್ನೂ ಸರಿದೂಗಿಸಿತು. ಇದು 1938ರಷ್ಟು ಹಳೆಯ ಮಾತು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಶಿಕ್ಷಣ ಹಕ್ಕು ಕಾಯ್ದೆ ನಮಗೆ ಬಂದದ್ದು 2009ರಲ್ಲಿ.

ಬಹುಮಾನವೇ ಎಲ್ಲವೂ ಅಲ್ಲ ಎಂಬುದೂ ಬೇಗನೆ ತಿಳಿಯಿತು. 1930ರಲ್ಲಿ ಮನೋವಿಜ್ಞಾನಿಗಳಾದ ಟೋಲ್ಮನ್ ಮತ್ತು ಹಾನ್‌ಜಿಕ್ ಅವರ ಪ್ರಯೋಗದ ಇಲಿಗಳು ಹತ್ತು ದಿನ ಆಹಾರವಿಲ್ಲದ ಜಟಿಲ ದಾರಿಗಳಲ್ಲಿ ಸುಮ್ಮನೆ ಅಲೆದವು. ಹನ್ನೊಂದನೆಯ ದಿನ ಆಹಾರ ಇಟ್ಟದ್ದೇ ತಡ, ಅವುಗಳ ತಪ್ಪುಗಳು ಥಟ್ಟನೆ ಕಡಿಮೆಯಾದವು. ಕಲಿಕೆ ಒಳಗೇ ಆಗಿತ್ತು, ತೋರಲು ಕಾರಣವಿರಲಿಲ್ಲ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಚಿತ್ರಗಾರರ ಮನೆಯಲ್ಲಿ ಹಿರಿಯರು ಹಗುರ ಮರವನ್ನು ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಕಲಸಿ ಮೆತ್ತಿ, ಗೊಂಬೆಗೆ ಬಣ್ಣ ಹಚ್ಚುವುದನ್ನು ಮಗು ನೋಡುತ್ತಲೇ ಬೆಳೆಯುತ್ತದೆ. ಅದರ ಕೈಗೆ ಕುಂಚ ಬರುವ ಹೊತ್ತಿಗೆ ಕೆಲಸದ ಕ್ರಮವೆಲ್ಲ ಗೊತ್ತಿರುತ್ತದೆ. ಈ ಬಗೆಯ ಕಲಿಕೆಗೆ ಸಿದ್ಧಾಂತದ ರೂಪ ಕೊಟ್ಟವರು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ. 1961ರಲ್ಲಿ ಪ್ರಕಟವಾದ, 72 ಮಕ್ಕಳ ಮೇಲಿನ ಅವರ ಪ್ರಯೋಗದಲ್ಲಿ, ದೊಡ್ಡವರು ಗಾಳಿಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು, ಯಾವ ಬಹುಮಾನವೂ ಇಲ್ಲದೆ, ಅದೇ ಏಟು ಅದೇ ಬೈಗುಳಗಳನ್ನು ಮಾಡಿ ತೋರಿಸಿದರು. ಹಾಗಾದರೆ ತರಗತಿಯಲ್ಲಿ ಒಬ್ಬನಿಗೆ ಬೀಳುವ ಪೆಟ್ಟನ್ನು ನೋಡುತ್ತ ಕುಳಿತ ಉಳಿದ ಮಕ್ಕಳು ಏನನ್ನು ಕಲಿಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಶಿಕ್ಷಕರ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಎತ್ತಬೇಕು.